ನನ್ನ ಗಂಡನನ್ನು ನಡೆಸಿದವಳು

ಹಲಗೂರು ಕಡೆಯ ಹುಡುಗಿ. ಗುತ್ತಲಿನ ನಮ್ಮ ಮನೆಗೆ ದಿನಾ ಬೆಳಿಗ್ಗೆ ನನ್ನ ಗಂಡನಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದಳು. ಕಿರುಮೆದುಳಿಗೆ ಸ್ಟ್ರೋಕ್ ಆದಮೇಲೆ ಇವರ ಕೈಕಾಲಲ್ಲಿ ಶಕ್ತಿಯಿದ್ದರೂ ಎದ್ದು ನಿಂತರೆ ಮನೆಯೇ ಗಿರ್ರನೆ ತಿರುಗುತ್ತಿತ್ತು. ಅವಳು ವೇಲನ್ನು ಸೊಂಟಕ್ಕೆ ಬಿಗಿದು, ಅಂಗೈ ಚಾಚಿ, "ನೆಲ ನೋಡ್ಬ್ಯಾಡಿ ಮೇಷ್ಟ್ರೇ, ನನ್ ಮಕ ನೋಡಿ" ಅನ್ನುತ್ತಿದ್ದಳು. ಇವರು ನೋಡುತ್ತಿದ್ದರು. ಮೂವತ್ತು ವರ್ಷದಲ್ಲಿ ನನ್ನ ಮುಖವನ್ನು ಹಾಗೆ ನೋಡಿದ್ದು ನೆನಪಿಲ್ಲ. ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ.

ಒಂದು ದಿನ ಅವಳು ಬರುವುದು ತಡವಾಯಿತು. ಇವರು ಬಚ್ಚಲಿಗೆ ಹೋಗಬೇಕೆಂದರು. ನಾನು ಕೈ ನೀಡಿದರೆ, "ನೀನ್ ಬ್ಯಾಡ, ಬೀಳುಸ್ಬುಡ್ತೀಯ. ಅವ್ಳು ಬರ್ಲಿ" ಎಂದರು. ನನಗೆ ಅಳು ಬಂತು. ಅಷ್ಟರಲ್ಲಿ ಒಳಗೆ ಬಂದ ಅವಳು ನನ್ನ ಮುಖ ನೋಡಿದಳು. ನನ್ನ ತೋಳು ಹಿಡಿದು ಇವರೆದುರು ನಿಲ್ಲಿಸಿದಳು.

"ನೀವ್ ಎಳೀತೀರ ಕಣಮ್ಮ, ಅದ್ಕೇ ಅವ್ರಿಗೆ ತಲೆ ಸುತ್ತೋದು. ಕೈ ಕೊಟ್ಟು ಸುಮ್ಕೆ ನಿಂತ್ಕಳಿ. ಅವ್ರೇ ಬತ್ತಾರೆ."

ನಿಂತೆ. ಇವರು ತೂರಾಡುತ್ತಾ ನಾಲ್ಕು ಹೆಜ್ಜೆ ಇಟ್ಟು ಬಂದು ನನ್ನ ಕೈ ಹಿಡಿದರು.

ತಿಂಗಳು ಕಳೆಯುವಷ್ಟರಲ್ಲಿ ಇವರನ್ನು ಬೀದಿಯ ತುದಿವರೆಗೆ ನಾನೇ ನಡೆಸತೊಡಗಿದೆ. ಆದರೂ ಅವಳು ಬಂದ ಕೂಡಲೇ ಇವರ ಮುಖ ಅರಳುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಒಂದು ಬೆಳಿಗ್ಗೆ ವ್ಯಾಯಾಮ ಮುಗಿಸಿ ಹೊರಟವಳನ್ನು ಗೇಟಿನ ಹತ್ತಿರ ತಡೆದು, "ನಾಳೆಯಿಂದ ನೀನು ಬರೋದು ಬ್ಯಾಡ" ಅಂದೆ.

ಅವಳು ಸ್ಕೂಟರ್ ಹತ್ತುತ್ತಾ ನಕ್ಕಳು. "ಅದ್ನ ನಿಮ್ ಬಾಯಲ್ಲಿ ಕೇಳಕ್ಕೇ ಕಣಮ್ಮ ನಾನು ದಿನಾ ಬತ್ತಿದ್ದಿದ್ದು."