ಅಕ್ಕನ ಶಾಲೆಗೆ ಮಾವ ಬಂದದ್ದು

ರಾಯಲ್ಪಾಡಿನ ಪಕ್ಕದ ನಮ್ಮೂರಿನಲ್ಲಿ ಶಾಲೆ ಏಳನೇ ತರಗತಿಗೆ ಮುಗಿಯುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಅಕ್ಕ ಅದನ್ನು ಮುಗಿಸಿದಾಗ, ಶ್ರೀನಿವಾಸಪುರದ ಹೈಸ್ಕೂಲಿಗೆ ಸೇರಿಸಲು ತಂದೆಯೇ ಬರಬೇಕೆಂದು ಹೇಳಿಕಳಿಸಿದ್ದರು. ಅವತ್ತೇ ಮನೆಯಲ್ಲಿ ರೇಷ್ಮೆ ಹುಳ ಹಣ್ಣಾಗಿತ್ತು. ಹಣ್ಣಾದ ಹುಳ ಸೊಪ್ಪು ಬಿಟ್ಟು ತಲೆ ಎತ್ತುತ್ತದೆ. ಆಗಲೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಅಪ್ಪ ಹೋಗಲಿಲ್ಲ. ಅಮ್ಮನ ತಮ್ಮನನ್ನು ಕಳಿಸಿದರು.

ಮಾವ ನಮ್ಮ ಮನೆಯಲ್ಲೇ ಇದ್ದ. ಅಕ್ಕನನ್ನು ಅವನಿಗೇ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ವಾಡಿಕೆ. ಯಾರಿಗೂ ಅದು ವಿಶೇಷ ಅನ್ನಿಸುತ್ತಿರಲಿಲ್ಲ.

"ಹುಡುಗಿಗೆ ನೀವು ಏನಾಗ್ಬೇಕು?" ಎಂದು ಹೆಡ್‌ಮಾಸ್ಟರು ಕೇಳಿದರಂತೆ.

ಮಾವ ನಾಚಿಕೊಂಡು, "ನಮಗೇ ಕೊಡೋದು ಸಾರ್" ಎಂದುಬಿಟ್ಟ.

ಬಾಗಿಲಲ್ಲಿ ಸಾಲು ನಿಂತಿದ್ದ ಹುಡುಗಿಯರು ಕೇಳಿಸಿಕೊಂಡರು. ಸೀಟು ಸಿಕ್ಕಿತು.

ಪ್ರತಿ ಪರೀಕ್ಷೆಯಾದ ಮೇಲೆ ಮನೆಯವರನ್ನು ಕರೆಸುತ್ತಿದ್ದರು. ಪ್ರತಿ ಸಲವೂ ಮಾವನೇ ಹೋದ. ಅವನಿಗೆ ಅದು ಇಷ್ಟದ ಕೆಲಸ. ಇಸ್ತ್ರಿ ಅಂಗಿ ಹಾಕಿ, ಎಣ್ಣೆ ಹಚ್ಚಿ ಕ್ರಾಪು ತೆಗೆದು ಹೊರಡುತ್ತಿದ್ದ. "ಲೆಕ್ಕದಲ್ಲಿ ಹೆಂಗವ್ಳೆ ಸಾರ್? ಬೈದು ಹೇಳಿ ಸಾರ್" ಎಂದು ಮೇಷ್ಟರ ಹಿಂದೆ ಬೀಳುತ್ತಿದ್ದ. ಒಳ್ಳೆಯ ಮನುಷ್ಯ. ಇವತ್ತಿಗೂ ಅವನ ಮೇಲೆ ನನಗೆ ಕೋಪವಿಲ್ಲ.

ಅವನು ಗೇಟಿನಲ್ಲಿ ಕಂಡ ಕೂಡಲೇ ತರಗತಿಯಲ್ಲಿ ಶುರುವಾಗುತ್ತಿತ್ತು.

"ಲೇ, ನಿನ್ ಗಂಡ ಬಂದವ್ನೆ ಕಣೇ!"

"ಕ್ರಾಪು ನೋಡೇ, ಹೆಣ್ಣು ನೋಡಕ್ಕೆ ಬಂದಂಗೆ!"

"ಲೆಕ್ಕದಲ್ಲಿ ಫೇಲಾದ್ರೆ ಕಟ್ಕೊಳ್ತಾನೋ, ಬಿಡ್ತಾನೋ?"

ಅಕ್ಕ ಇದನ್ನು ಅಮ್ಮನಿಗೆ ಹೇಳಲಿಲ್ಲ. ಹುಳಕ್ಕೆ ಸೊಪ್ಪು ಹೆಚ್ಚುತ್ತಾ ನನಗೆ ಹೇಳಿದಳು, ಬೇರೆ ಯಾರದೋ ಸಂಗತಿ ಎಂಬಂತೆ. ಅಪ್ಪನನ್ನು ಮಾತ್ರ ಕೇಳಿದಳು.

"ಅಪ್ಪಾ, ಈ ಸಲ ನೀನು ಬಾ. ಒಂದೇ ಒಂದ್ಸಲ."

"ಹುಳ ಜ್ವರಕ್ಕೆ ಕೂತವೆ ಕಣಮ್ಮ. ಏಳ್ಲಿ, ಬರ್ತೀನಿ."

ಹುಳ ಪೊರೆ ಬಿಡುವ ಹೊತ್ತನ್ನು ಜ್ವರ ಎನ್ನುತ್ತಿದ್ದೆವು. ಆಗ ಅಪ್ಪ ಬಸ್ ಸ್ಟ್ಯಾಂಡಿನ ಕಡೆಗೂ ಹೋಗುತ್ತಿರಲಿಲ್ಲ. ಹೊರಗಿನ ಸೋಂಕು ತಗಲೀತೆಂಬ ಭಯ. ಜ್ವರ ಬಿಟ್ಟರೆ ಹುಳಕ್ಕೆ ಹಸಿವು. ಗೂಡಾದರೆ ಮಾರ್ಕೆಟ್ಟು. ಮಾರಿ ಬಂದರೆ ಮನೆ ತೊಳೆದು ಹೊಸ ಮೊಟ್ಟೆ ತರಬೇಕು.

"ಮಾವ ಹೋಗ್ತಾನಲ್ಲೇ," ಎಂದಳು ಅಮ್ಮ. "ಅವನಿಗಿಂತ ಹತ್ರದೋರು ಇನ್ಯಾರು ಬೇಕೇ ನಿಂಗೆ?"

ಅಕ್ಕ ಸೊಪ್ಪು ಹೆಚ್ಚುವುದನ್ನು ಮುಂದುವರಿಸಿದಳು.

ಮುಂದೆ ವಿಶ್ವವಿದ್ಯಾಲಯದಲ್ಲಿ, ಮಕ್ಕಳ ಕಲಿಕೆಯಲ್ಲಿ ತಂದೆತಾಯಿಯ ಪಾತ್ರ ಎಂಬ ಪ್ರಶ್ನೆಗೆ ನಾನು ಉತ್ತರ ಬರೆದಿದ್ದೇನೆ. ಒಳ್ಳೆಯ ಅಂಕವೂ ಬಂತು. ನಮ್ಮ ಮನೆಯಲ್ಲಿ ಓದಬೇಡ ಎಂದವರು ಯಾರೂ ಇರಲಿಲ್ಲ. ದೀಪಕ್ಕೆ ಎಣ್ಣೆ ಇತ್ತು, ಬಸ್ಸಿಗೆ ಚಿಲ್ಲರೆ ಇತ್ತು.

ಒಂಬತ್ತನೇ ತರಗತಿಯ ಅರ್ಧದಲ್ಲಿ ಮತ್ತೆ ಮಾವ ಹೋದ. ಕಿಟಕಿಯಿಂದ ಅವನನ್ನು ನೋಡಿದ ಮೇಷ್ಟರು ಪಾಠ ನಿಲ್ಲಿಸಿ, "ನಿಮ್ಮೋರು ಬಂದ್ರು ನೋಡಮ್ಮಾ, ಎದ್ದೋಗು" ಎಂದರು. ತರಗತಿಯೆಲ್ಲ ನಕ್ಕಿತು. ಅಕ್ಕ ಚೀಲ ತೆಗೆದುಕೊಂಡು ಎದ್ದಳು. ಮಾವನನ್ನು ದಾಟಿ, ಗೇಟು ದಾಟಿ, ಸಿಕ್ಕಿದ ಬಸ್ಸು ಹತ್ತಿ ಮನೆಗೆ ಬಂದಳು.

ಮಾರನೆಯ ಬೆಳಿಗ್ಗೆ ಅವಳು ಯೂನಿಫಾರಂ ಹಾಕಲಿಲ್ಲ.

"ಇವತ್ತು ಸ್ಕೂಲಿಲ್ವಾ?" ಎಂದರು ಅಪ್ಪ.

"ಇಲ್ಲ."

"ಹಂಗಾದ್ರೆ ಸೊಪ್ಪಿಗೆ ಬಾ."

ಅದರ ಬಗ್ಗೆ ಅವರಿಬ್ಬರ ನಡುವೆ ಆದ ಮಾತು ಅಷ್ಟೇ. ಮಾವ ಎರಡು ದಿನ ಅವಳ ಹಿಂದೆ ತಿರುಗಿದ. "ನಾನಿನ್ನು ಬರಲ್ಲ ಕಣೇ. ಆ ಕಡೆ ತಲೆನೂ ಹಾಕಲ್ಲ. ನೀನ್ ಹೋಗು." ಅವಳು ಹೋಗಲಿಲ್ಲ. ಕೆಲವು ವರ್ಷಗಳಾದ ಮೇಲೆ ಅವನನ್ನೇ ಮದುವೆಯಾದಳು. ಚೆನ್ನಾಗಿಯೇ ಇದ್ದಾರೆ.

ಆ ಮದುವೆಗೆ ಮುಂಚೆಯೇ ನನ್ನ ಏಳನೇ ತರಗತಿ ಮುಗಿಯಿತು. ಅದೇ ಹೈಸ್ಕೂಲು. ಮತ್ತೆ ಹುಳ ಹಣ್ಣಾಗುತ್ತಿತ್ತು. ಮಾವ ಇಸ್ತ್ರಿ ಅಂಗಿ ಮುಟ್ಟಲಿಲ್ಲ, ಅಂಗಳದಲ್ಲಿ ಕೂತಿದ್ದ. ಅಕ್ಕ ತಟ್ಟೆಯಿಂದ ತಲೆ ಎತ್ತದೆ, "ಇವಳ ಜೊತೆ ನೀನೇ ಹೋಗಪ್ಪ. ಹುಳ ನಾನ್ ನೋಡ್ಕೊಳ್ತೀನಿ" ಎಂದಳು. ಅಪ್ಪ ಕೈ ತೊಳೆದುಕೊಂಡು ಹೊರಟರು.

"ತಂದೆಯವರಾ?" ಎಂದು ಹೆಡ್‌ಮಾಸ್ಟರು ಕೇಳಿದರು.

"ಹೌದು ಸಾರ್."

ಕೂರಲು ಹೇಳಿದರೂ ಅಪ್ಪ ಕೂರಲಿಲ್ಲ. ತೋರಿಸಿದ ಕಡೆ ನಿಧಾನವಾಗಿ ರುಜು ಹಾಕಿದರು. ಬಾಗಿಲಲ್ಲಿದ್ದ ಹುಡುಗಿಯರು ತಮ್ಮ ತಮ್ಮ ಮಾತಿನಲ್ಲಿದ್ದರು.

ಹೊರಗೆ ಬಂದ ಮೇಲೆ ಅಪ್ಪ ಕೇಳಿದರು: "ಇಷ್ಟೇನಾ?"

"ಇಷ್ಟೇ."

ಬಸ್ಸು ಹತ್ತಿ ಊರಿಗೆ ಬಂದೆವು. ಅಪ್ಪ ಮನೆಗೆ ಬಂದವರೇ ಸ್ನಾನಕ್ಕೆ ಹೋದರು; ಬೀದಿಯಿಂದ ಬಂದವರು ಹಾಗೆಯೇ ಹುಳದ ಕೋಣೆಗೆ ಹೋಗುವಂತಿರಲಿಲ್ಲ. ನಾನೂ ಹೊಸಿಲಲ್ಲೇ ನಿಂತೆ. ಅಕ್ಕ ಒಳಗೆ ಚಂದ್ರಿಕೆಯ ಮುಂದೆ ಕೂತಿದ್ದಳು.

"ಅಪ್ಪ ಆಫೀಸೊಳಗೆ ಬಂದ್ರಾ?"

"ಹೂಂ."

"ಯಾರಾದ್ರೂ ನಕ್ಕರಾ?"

"ಇಲ್ಲ."

"ಸರಿ," ಎಂದಳು. ಊಟ ಎಲ್ಲಿ ಮುಚ್ಚಿಟ್ಟಿದೆ ಎಂದು ಹೇಳಿದಳು.