ನರ್ಸಿನ ಫಾರ್ಮ್, ಅಕ್ಕನ ಚಟ್ನಿಪುಡಿ

ಒಂದೇ ತಿಂಗಳಲ್ಲಿ ಮೂರನೇ ಡಬ್ಬಿ ಕೊಬ್ಬರಿ ಚಟ್ನಿಪುಡಿ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬಿಸಿ ರೊಟ್ಟಿಗೆ ಹಾಕಿಕೊಂಡು ಚಪ್ಪರಿಸಿದೆ.

ಕಳಿಸಿದವಳು ಮಾಯಸಂದ್ರದಲ್ಲಿರುವ ನನ್ನ ಅಕ್ಕ, ಶಾಂತಕ್ಕ. ನಾಲ್ಕು ವರ್ಷದಿಂದ ಅವಳಿಗೆ ರಕ್ತದ ಕ್ಯಾನ್ಸರ್. ದಿನವೂ ಮಾತ್ರೆ ನುಂಗಿದರೆ ಹತೋಟಿಯಲ್ಲಿರುವ ಬಗೆ. ಮಾತ್ರೆ ನುಂಗಿ, ಅಟ್ಟದಿಂದ ಇಳಿಸಿದ ಕಾಯಿಯ ಕರಟ ಒಡೆದು ಕೊಬ್ಬರಿ ಬಿಡಿಸಲು ಕೂರುತ್ತಾಳೆ. ಗಿಟುಕು, ಅಂದರೆ ಕೊಬ್ಬರಿ ಉಂಡೆ, ಇಡಿಯಾಗಿ ಬಂದರೆ ಮಾರಲು ಮಂಡಿಗೆ, ಕತ್ತಿ ತಾಗಿ ಒಡೆದರೆ ಮನೆಯ ಚಟ್ನಿಪುಡಿಗೆ. ಅಕ್ಕನ ಕೈಯಲ್ಲಿ ಒಡೆಯುವುದುಂಟೇ? (ನಾನು ಕೂತರೆ ಊರಿಗೆಲ್ಲ ಚಟ್ನಿಪುಡಿ ಹಂಚಬಹುದು.)

ಕಳೆದ ವಾರ ಚೆಕಪ್‌ಗೆಂದು ಅವಳ ಜೊತೆ ಬೆಂಗಳೂರಿನ ಆಸ್ಪತ್ರೆಗೆ ಹೋಗಿದ್ದೆ. ರಕ್ತದ ರಿಪೋರ್ಟ್ ಫಸ್ಟ್ ಕ್ಲಾಸ್. ಆಮೇಲೆ ನರ್ಸ್ ಒಬ್ಬಳು ಫಾರ್ಮ್ ಹಿಡಿದು ಬಂದಳು. ಕಾಯಿಲೆ ಎಷ್ಟಿದೆ ಎಂದಲ್ಲ, ಬದುಕು ಹೇಗಿದೆ ಎಂದು ಅಳೆಯುವ ಫಾರ್ಮ್ ಅಂತೆ. ಹೀಗೂ ಕೇಳುವವರಿದ್ದಾರಲ್ಲ ಎಂದು ನನಗೆ ನಿಜಕ್ಕೂ ಖುಷಿಯಾಯಿತು.

“ಸುಸ್ತಾಗುತ್ತಾ ಅಮ್ಮ?”

“ಇಲ್ಲ ಕಣವ್ವ.”

“ಕೈಕಾಲು ಸೆಳೆತ?”

“ಏನೂ ಇಲ್ಲ.”

“ನಿದ್ದೆ?”

“ಚೆನ್ನಾಗ್ ಬತ್ತದೆ.”

ಎಲ್ಲದರಲ್ಲೂ ಫುಲ್ ಮಾರ್ಕ್ಸ್! ಆಗ ನನ್ನ ಮಂಕು ತಲೆಗೆ ಆ ಮೂರು ಡಬ್ಬಿಗಳು ನೆನಪಾದವು.

“ಅಕ್ಕಾ, ಅಷ್ಟೊಂದು ಚಟ್ನಿಪುಡಿ ಎಲ್ಲಿಂದ ಬಂತೇ? ಕೊಬ್ಬರಿ ಯಾಕೆ ಒಡೀತಿದೆ?”

ಅಕ್ಕ ಸೆರಗಿನಡಿ ಬೆರಳು ಮುಚ್ಚಿಕೊಂಡಳು. ಕೆದಕಿದ ಮೇಲೆ ಒಂದೊಂದೇ ಹೊರಬಂತು. ಕೆಲಸಕ್ಕೆ ಕೂತರೆ ಬೆರಳು ಸೆಟೆದುಕೊಳ್ಳುತ್ತವೆ, ಕತ್ತಿಯ ಹಿಡಿತ ತಪ್ಪುತ್ತದೆ. ಎರಡು ತಿಂಗಳಿಂದ!

“ಹೇಳೋಕೇನಾಗಿತ್ತೇ ನಿಂಗೆ?” ನಾನು ರೇಗಿದೆ.

“ಜೀವ ಉಳಿಸ್ದೋರು ಕಣೇ ಇವ್ರು. ಊಟಕ್ಕೆ ಕರ್ದೋರ ಮನೇಲಿ ಕೂತ್ಕಂಡು ಸಾರಿಗೆ ಉಪ್ಪು ಕಮ್ಮಿ ಅಂತಾರಾ?”

ನೋಡಿ ನಮ್ಮ ಕಡೆಯವರ ಮರ್ಯಾದೆ! ಮಾತ್ರೆ ಕೊಟ್ಟವರಿಗೂ ಬೇಜಾರಾಗಬಾರದು. ಸಿಟ್ಟೂ ಬಂತು, ಕಣ್ಣೂ ತುಂಬಿತು. ಆ ಬೆರಳುಗಳಲ್ಲೇ ಅವಳು ಒಂದು ದಿನವೂ ತಪ್ಪಿಸದೆ ಕೆಲಸ ಮಾಡಿದ್ದಾಳೆ. ಒಡೆದದ್ದನ್ನೂ ಹಾಳುಮಾಡದೆ ಹುರಿದು, ಕುಟ್ಟಿ, ತಂಗಿಗೆ ಕಳಿಸಿದ್ದಾಳೆ. ಇಂಥವಳನ್ನು ಯಾವ ಫಾರ್ಮ್‌ನಲ್ಲಿ ಅಳೆಯುತ್ತೀರಿ?

ನರ್ಸ್ ನಗಲೂ ಇಲ್ಲ, ಗದರಲೂ ಇಲ್ಲ. ಹೊಸ ಫಾರ್ಮ್ ತೆಗೆದಳು. “ಉಪ್ಪು ಕಮ್ಮಿ ಇದ್ರೆ ಕಮ್ಮಿ ಅಂತಾನೇ ಹೇಳಿ ಅಮ್ಮ. ಆಗ ತಾನೇ ಡಾಕ್ಟ್ರು ಸರಿ ಮಾಡೋದು?” ಎಂದಳು. ಎಷ್ಟು ಜಾಣೆ!

ಅಕ್ಕ ಈ ಸಲ ನಿಜ ಹೇಳಿದಳು. ಸುಸ್ತು, ಸಾಕಷ್ಟು. ಸೆಳೆತ, ತುಂಬಾ. ನಿದ್ದೆ, ಅಷ್ಟಕ್ಕಷ್ಟೇ. ಸೆಳೆತ ಆ ಮಾತ್ರೆಯದೇ ಅಡ್ಡಪರಿಣಾಮವಂತೆ. ಆ ಹಾಳೆ ನೋಡಿಯೇ ಡಾಕ್ಟರು ಮಾತ್ರೆಯ ಡೋಸ್ ಬದಲಿಸಿದರು.

ಒಂದು ಉತ್ತರ ಮಾತ್ರ ಎರಡು ಫಾರ್ಮ್‌ನಲ್ಲೂ ಒಂದೇ ಇತ್ತು. “ಮನೆಯವರು ನಿಮ್ಮ ಕಷ್ಟ ಸುಖ ಕೇಳ್ತಾರಾ?” ಎಂಬ ಪ್ರಶ್ನೆಗೆ ಅಕ್ಕ ನನ್ನ ಮುಖ ನೋಡಿ, “ತುಂಬಾ ಕೇಳ್ತಾರೆ” ಎಂದಿದ್ದಳು.

ನಾನು ಎದ್ದು ಹೊರಗೆ ಹೋಗಿದ್ದರೆ ಏನು ಹೇಳುತ್ತಿದ್ದಳು?