ದೊಡ್ಡವ್ವನ ರೊಪ್ಪದ ಇಂಗ್ಲಿಷು

ನನ್ನ ಕೈಚೀಲದಲ್ಲಿ ಮೂರು ದಿನದಿಂದ ಒಂದು ಫಾರಂ ಇದೆ. ಟಿಫಿನ್ ಡಬ್ಬಿಯ ಎಣ್ಣೆ ತಾಗಿ ಅದರ ಮೂಲೆ ಹಳದಿಯಾಗಿದೆ. ಹರಪನಹಳ್ಳಿಯ ಶಾಲೆಯಲ್ಲಿ ನಾನು ಇಂಗ್ಲಿಷ್ ಹೇಳಿಕೊಡುವ ರೀತಿ ಚೆನ್ನಾಗಿದೆಯೆಂದು ಮೇಲಿನವರಿಗೆ ಅನ್ನಿಸಿ, ಬರೆದು ಕಳಿಸಿ ಎಂದಿದ್ದಾರೆ. ಎಲ್ಲ ತುಂಬಿದ್ದೇನೆ, ಒಂದು ಸಾಲು ಮಾತ್ರ ಖಾಲಿ. ‘ಈ ವಿಧಾನವನ್ನು ಯಾರಿಂದ ಕಲಿತಿರಿ? ಅವರ ವಿದ್ಯಾರ್ಹತೆ ಏನು?’ ಇಷ್ಟು ವರ್ಷ ಯಾರು ಕೇಳಿದರೂ ‘ಟ್ರೈನಿಂಗಿನಲ್ಲಿ’ ಎಂದು ಹೇಳಿ ಪಾರಾಗಿದ್ದೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಅದು ಹಸಿ ಸುಳ್ಳು.

ನಾನು ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಗೋತಾ ಹೊಡೆದವಳು. ‘ಇನ್ನೊಂದು ಸಲ ನೋಡ್ತೀನಿ. ಆಗ್ಲಿಲ್ಲಂದ್ರ ಪುಸ್ತಕ ಕಟ್ಟಿ ಅಟ್ಟಕ್ಕ ಹಾಕು’ ಎಂದರು ಅಪ್ಪ. ಅವರು ಆಡಿದ ಮಾತು ತಪ್ಪುವವರಲ್ಲ. ನನಗೋ ಮುಂದೆ ಓದಲೇಬೇಕೆಂಬ ಹಟ, ಓದಲು ಕೂತರೆ ನಿದ್ದೆ. ಮನೆಯಲ್ಲಿದ್ದರೆ ಟೀವಿ ಮುಂದೆ ಕೂರುತ್ತಾಳೆಂದು ನನ್ನನ್ನು ಗುಡೇಕೋಟೆಗೆ, ಅವ್ವನ ಅಕ್ಕ ಹನುಮವ್ವನ ಮನೆಗೆ ಸಾಗಹಾಕಿದರು.

ದೊಡ್ಡವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಕುರಿ. ಅಲ್ಲಿ ಮರಿ ಹುಟ್ಟಿದ ಸ್ವಲ್ಪ ದಿನಕ್ಕೆ ಕಿವಿಯಂಚಿಗೆ ಸಣ್ಣ ಕಚ್ಚು ಹಾಕುತ್ತಾರೆ, ಮನೆತನಕ್ಕೊಂದು ಗುರುತು. ಗುಡ್ಡದಲ್ಲಿ ನಾಲ್ಕು ಮನೆಯ ಕುರಿ ಬೆರೆತರೂ ಚಿಂತೆಯಿಲ್ಲ. ಸಂಜೆ ರೊಪ್ಪದ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಯ, ಬಾಗಿಲಲ್ಲಿ ದೊಡ್ಡವ್ವ ನಿಂತು ಕಿವಿ ಸವರಿ ತನ್ನವನ್ನು ಒಳಗೆ ಬಿಡುತ್ತಿದ್ದಳು. ಮಿಕ್ಕವು ಹೊರಗೆ.

ಒಂದು ಮಧ್ಯಾಹ್ನ ಪುಸ್ತಕದ ಹಿಂದಿನ ಪದಪಟ್ಟಿಯನ್ನು ಮೊದಲಿಂದ ಉರು ಹೊಡೆಯುತ್ತಾ ಅಳುತ್ತಿದ್ದೆ.

‘ಏನಾತಲೇ?’ ಎಂದಳು ದೊಡ್ಡವ್ವ.

‘ತಲಿಗೆ ಹತ್ತವಲ್ಲವು ದೊಡ್ಡವ್ವ. ರಾಶಿ ಅದಾವ.’

‘ರಾಶಿ ಇದ್ರ ಏನಾತು? ಗುರುತು ನೋಡಿ ಬ್ಯಾರಿ ಮಾಡು.’

ಸೆರಗಿನಿಂದ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು. ಪುಟವನ್ನು ಬಹಳ ಹೊತ್ತು ದಿಟ್ಟಿಸಿದಳು. ಆಮೇಲೆ ಒಂದು ಪದದ ಕೊನೆಗೆ ಬೆರಳಿಟ್ಟಳು, ಕೆಳಗಿನ ಇನ್ನೊಂದರ ಕೊನೆಗೆ, ಮತ್ತೊಂದರ ಕೊನೆಗೆ. ‘ಇವು ಒಂದ ಮನಿಯವು ನೋಡು.’ ನೋಡಿದೆ. ಟಿ, ಐ, ಓ, ಎನ್. ಅಷ್ಟು ವರ್ಷ ಆ ಪುಸ್ತಕಗಳನ್ನು ಹೊತ್ತ ನನ್ನ ಕಣ್ಣಿಗೆ ಅದು ಒಮ್ಮೆಯೂ ಬಿದ್ದಿರಲಿಲ್ಲ.

ಹಾಳೆಯ ಮೇಲೆ ದುಂಡಗೆ ಗೆರೆ ಎಳೆದು ರೊಪ್ಪ ಮಾಡಿದೆವು. ಕಾನೂನು ದೊಡ್ಡವ್ವನದು: ಅರ್ಥ ಹೇಳಿದರೆ ಪದ ಒಳಗೆ, ಇಲ್ಲದಿದ್ದರೆ ಹೊರಗೆ. ರೇಷನ್, ಎಲೆಕ್ಷನ್, ಇಂಜೆಕ್ಷನ್ ಎಂದು ಓದಿದೆ. ‘ಅಯ್ಯ, ಇವೆಲ್ಲಾ ನಮ್ಮವ ಅದಾವ’ ಎಂದು ಅವಳೇ ಒಳಗೆ ಬಿಟ್ಟಳು. ಸ್ಟೇಷನ್ ಹತ್ತಿರ ಜಗಳವಾಯಿತು. ನಿಲ್ಲುವ ಜಾಗ ಎಂದೆ. ‘ಅಲ್ಲಿ ನಿಲ್ಲಾಕ ಯಾರ್ ಹೋಗ್ತಾರ? ಪೊಲೀಸ್ರು ಎಳಕೊಂಡ್ ಹೋಗ್ತಾರ’ ಎಂದು ಪಟ್ಟು ಹಿಡಿದಳು. ಹೊಸಪೇಟೆಯ ರೈಲನ್ನು ನೆನಪಿಸಿದ ಮೇಲೆ ಒಪ್ಪಿದಳು. ಅವಳನ್ನು ಒಪ್ಪಿಸಲು ಹೋಗಿ ಹೋಗಿಯೇ ನನಗೆ ಅರ್ಥಗಳು ನಾಟಿದವು.

ಹೆಸಿಟೇಷನ್ ಒಂದು ಉಳಿಯಿತು. ನನಗೆ ಗೊತ್ತಿರಲಿಲ್ಲ, ಪಟ್ಟಿಯಲ್ಲಿ ಅರ್ಥ ಕೊಟ್ಟಿರಲಿಲ್ಲ, ಅಲ್ಲಿ ಕೇಳೋಣವೆಂದರೆ ಯಾರೂ ಇರಲಿಲ್ಲ. ‘ಇರ್ಲಿ ಬಿಡು, ಬಾಗಲ್ದಾಗ ನಿಂತಿರ್ಲಿ’ ಎಂದಳು. ಗೆರೆಯ ಹೊರಗೆ ಬರೆದುಕೊಂಡೆ.

ಪರೀಕ್ಷೆ ಪಾಸಾಯಿತು, ಕೂದಲೆಳೆಯಲ್ಲಿ. ಕಾಲೇಜು ಓದಿದೆ, ಮೇಷ್ಟರ ಕೆಲಸ ಸಿಕ್ಕಿತು. ಇವತ್ತಿಗೂ ಬೋರ್ಡಿನ ಮೇಲೆ ಮೊದಲು ದುಂಡಗೆ ಒಂದು ಗೆರೆ ಎಳೆದೇ ಪಾಠ ಶುರು ಮಾಡುತ್ತೇನೆ. ಆದರೆ ದೊಡ್ಡ ದೊಡ್ಡ ಡಿಗ್ರಿಯವರ ಮುಂದೆ ಕುರಿ ಕಾಯುವವಳ ಹೆಸರು ಹೇಳಲು ನಾಚಿಕೆಯಾಯಿತು. ಆ ನಾಚಿಕೆ ನೆನೆದರೆ ಈಗ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ.

ಇವತ್ತು ಊಟದ ಬಿಡುವಿನಲ್ಲಿ ಫಾರಂ ಮುಂದಿಟ್ಟುಕೊಂಡು ಗುಡೇಕೋಟೆಗೆ ಫೋನ್ ಮಾಡಿದೆ. ಎಲ್ಲ ಹೇಳಿಬಿಟ್ಟೆ, ಟ್ರೈನಿಂಗಿನ ಸುಳ್ಳನ್ನೂ. ಆ ಕಡೆ ಕುರಿಗಳ ಸದ್ದು ಕೇಳುತ್ತಿತ್ತು.

‘ಅದಕ್ಯಾಕ ಇಷ್ಟು ಹಳಹಳಿ ಮಾಡ್ಕೋತೀ ತಂಗಿ?’ ಎಂದಳು ದೊಡ್ಡವ್ವ. ‘ಅದಿರ್ಲಿ, ಆವತ್ತು ಒಂದು ಹೊರಗ ನಿಂತಿತ್ತಲ್ಲ, ಅದರ ಅರ್ಥ ಸಿಕ್ತೇನು?’

ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ.

‘ಸಿಕ್ಕೈತಿ ದೊಡ್ಡವ್ವ. ಹಿಂದಮುಂದ ನೋಡಾದು, ಹಿಂಜರಿಯಾದು.’

‘ಹಂಗೇನು? ಅದಕ್ಕ ಬಾಗಲ್ದಾಗ ನಿಂತೈತಿ ಪಾಪ. ಇನ್ನ ಒಳಗ ಬಿಡು.’

ಫೋನ್ ಇಟ್ಟು ಪೆನ್ನು ತೆಗೆದೆ. ‘ಹನುಮವ್ವ, ಗುಡೇಕೋಟೆ, ನಮ್ಮ ದೊಡ್ಡವ್ವ’ ಎಂದು ಬರೆದೆ. ವಿದ್ಯಾರ್ಹತೆಯ ಜಾಗದಲ್ಲಿ ‘ಕುರಿ ಸಾಕಣೆ’ ಎಂದು ತುಂಬಿ, ಕೆಳಗೆ ಸಹಿ ಮಾಡಿದೆ.